ಮೆಲುದನಿಯ ವ್ರತ

ನಮ್ಮ ಮಾವನವರು ಅಹಿಂಸೆ ಕಲಿತು ಬಂದ ದಿನ ಮನೆಯಲ್ಲಿ ಒಬ್ಬರಾದರೂ ನೆಮ್ಮದಿಯಿಂದ ಉಣ್ಣಲಿಲ್ಲ.

ಅರವತ್ತೊಂದನೆಯ ಇಸವಿ. ದೀಪಾವಳಿ ಕಳೆದು ಹೊರಟವರು ಶಿವರಾತ್ರಿಯ ಹೊತ್ತಿಗೆ ಬಂದರು. ಶಿವಮೊಗ್ಗದ ರೈಲ್ವೆ ಸ್ಟೇಷನ್ನಿನಿಂದ ದುರ್ಗಿಗುಡಿಯ ನಮ್ಮ ಮನೆಯವರೆಗೂ ಜಟಕಾದಲ್ಲಿ ಮೆರವಣಿಗೆ. ಕೊರಳಲ್ಲಿ ಸುಗಂಧರಾಜದ ಹಾರ, ಕಾಲಲ್ಲಿ ಮರದ ಆವುಗೆ. ಹೋಗುವಾಗ ಮೆಟ್ಟಿದ್ದ ಚರ್ಮದ ಚಪ್ಪಲಿಯನ್ನು ದಾರಿಯಲ್ಲೆಲ್ಲೋ ಬಿಟ್ಟರಂತೆ. ಜೀವದಯಾ ಮಂಡಳಿಯವರು ಹೊರಡಿಸಿದ ಯಾತ್ರೆ ಅದು. ಉಳವಿಗೆ, ಕೂಡಲಸಂಗಮಕ್ಕೆ ನಡೆದು, ಅಲ್ಲಿಂದ ರೈಲು ಹತ್ತಿ ಉತ್ತರದ ಕಡೆಯ ಆಶ್ರಮಗಳಲ್ಲಿ ಇದ್ದು ಬಂದಿದ್ದರು. ನೋಡುವುದಕ್ಕಲ್ಲ, ಅಹಿಂಸೆ ಮತ್ತು ಕರುಣೆಯನ್ನು ಕಲಿಯುವುದಕ್ಕೆ ಹೋಗುತ್ತಿದ್ದೇವೆ ಎಂದು ಕರಪತ್ರ ಅಚ್ಚು ಹಾಕಿಸಿ ಹಂಚಿದ್ದರು. ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ ಗಂಗಾಧರಪ್ಪನವರಿಗೆ ಅರವತ್ತರ ಹತ್ತಿರ ಬಂದ ಮೇಲಾದರೂ ಕರುಣೆ ಬೇಕೆನಿಸಿತಲ್ಲ ಎಂದು ಊರು ಮೆಚ್ಚಿಕೊಂಡಿತು. ಮನೆಯವರಾದ ನಾವು ಬಾಯಿ ಬಿಡಲಿಲ್ಲ.

ನಡೆದದ್ದೇನೋ ನಿಜ. ಹಿಮ್ಮಡಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ನಮ್ಮತ್ತೆ ಕಾಶಮ್ಮ ಬಿಸಿನೀರು ತಂದು ಕಾಲು ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿದರು. ಆಮೇಲೆ ಎಲೆ ಹಾಕಿದೆವು.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಂಸ ಮೀನು ಇಲ್ಲ. ಊಟದಲ್ಲಿ ಕಲಿಯುವುದಕ್ಕೆ ಇನ್ನೇನು ಉಳಿದಿರುತ್ತದೆ ಎಂದುಕೊಂಡಿದ್ದೆ. ಉಳಿದಿತ್ತು. ಬದನೆಕಾಯಿಯಲ್ಲಿ ಹುಳು ಇರುತ್ತದೆಂದು ಎಣ್ಣೆಗಾಯಿಯನ್ನು ತಳ್ಳಿದರು. ಈರುಳ್ಳಿ, ಆಲೂಗಡ್ಡೆ ಕಿತ್ತರೆ ಬೇರಿನ ಜೀವ ಹೋಗುತ್ತದೆಂದು ಪಲ್ಯ ತಳ್ಳಿದರು. ಕೊನೆಗೆ ಎಲೆಯ ಮೇಲೆ ಉಳಿದದ್ದು ಅನ್ನ, ತುಪ್ಪ, ಗೋಧಿ ಪಾಯಸ. ಅವನ್ನು ಎರಡೆರಡು ಸಲ ಬಡಿಸಿಕೊಂಡರು.

ಆಮೇಲೆ ಏನೋ ಪಿಸುಗುಟ್ಟಿದರು.

"ಏನಂದ್ರೇ?" ಎಂದು ಅತ್ತೆ ನನ್ನ ಕಡೆ ತಿರುಗಿದರು.

"ಜೋರು ಮಾತೂ ಹಿಂಸೆಯಂತೆ ಅತ್ತೇ! ಇವತ್ತಿಂದ ಮೆಲ್ಲಗೇ ಮಾತಾಡೋದಂತೆ! ಮೆಲುದನಿಯ ವ್ರತವಂತೆ!" ಎಂದು ನಾನು ಕೂಗಿದೆ.

"ಅಯ್ಯೋ ನನ್ನ ಕರ್ಮವೇ," ಎಂದರು ಅತ್ತೆ.

ಅವರಿಗೆ ಎಡಗಿವಿ ಸುತರಾಂ ಕೇಳುವುದಿಲ್ಲ. ಬಲಗಿವಿ ಅಷ್ಟಿಷ್ಟು, ಅದೂ ಈಗೀಗ ಮಂದ. ಬಡಿಸುವಾಗ ಕತ್ತನ್ನು ಓರೆ ಮಾಡಿ, ಬಲಗಿವಿಯನ್ನು ಮಾವನವರ ಬಾಯಿಯ ಹತ್ತಿರಕ್ಕೆ ತಂದು ನಿಲ್ಲುತ್ತಿದ್ದರು. ಹಾಗೆ ನಿಂತು ನಿಂತು ಕತ್ತು ಒಂದು ಕಡೆಗೇ ಬಾಗಿಬಿಟ್ಟಿತ್ತು. ಮಾವನವರು ಗದರಿಸುತ್ತಿದ್ದ ಕಾಲದಲ್ಲಿ ಬಾಳುವೆ ಹೇಗೋ ನಡೆಯುತ್ತಿತ್ತು, ಗದರಿಕೆ ಕೇಳಿಸುತ್ತಿತ್ತಲ್ಲ! ಈಗ ಅವರು ಪುಣ್ಯಾತ್ಮರಾಗಿ ಬಂದ ಮೇಲೆ ಅದೂ ಇಲ್ಲ.

ಮಾರನೆಯ ದಿನವೇ ನೋಡಿ. ಊಟದ ಕೊನೆಗೆ ಮಾವನವರು ಮೆಲ್ಲಗೆ "ಮಜ್ಜಿಗೆ" ಎಂದರು. ಅತ್ತೆ ಒಳಗೆ ಹೋದವರು ಬರಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಬಟ್ಟಲು ತುಂಬ ಬಿಸಿಬಿಸಿ ಸಜ್ಜಿಗೆ ಹಿಡಿದು ಬಂದರು, ಮೇಲೆ ತುಪ್ಪ ತೇಲುತ್ತಿತ್ತು. ಮಾವನವರ ಹುಬ್ಬು ಗಂಟಾಯಿತು, ಹಲ್ಲು ಕಡಿದದ್ದು ನನಗೇ ಕೇಳಿಸಿತು. ಆದರೂ ವ್ರತ! ಕಣ್ಣು ಮುಚ್ಚಿ ಶಿವ ಶಿವ ಎಂದರು. ಸಜ್ಜಿಗೆಯನ್ನೇನು ಬಿಡಲಿಲ್ಲ, ತಿಂದರು.

ನಾನು ಭದ್ರಾವತಿಯ ನ್ಯೂಟೌನಿನವಳು. ಅಪ್ಪ ಕಬ್ಬಿಣದ ಕಾರ್ಖಾನೆಯ ಕೆಲಸದವರು. ನಮ್ಮ ಕ್ವಾರ್ಟರ್ಸಿನಲ್ಲಿ ಗಂಡಸರ ಕಿವಿ ಕಾರ್ಖಾನೆಯ ಸದ್ದಿಗೆ ಅರ್ಧ ಹೋಗಿರುವುದರಿಂದ ತಮಿಳರು, ತೆಲುಗರು, ನಾವು, ಎಲ್ಲರೂ ಕೂಗಿಯೇ ಮಾತಾಡುವುದು. ಮದುವೆಯಾಗಿ ಬಂದಾಗ ನನ್ನ ಗಂಟಲು ಕೇಳಿ ಮಾವನವರು "ಕಾರ್ಖಾನೆ ಸೈರನ್ನು" ಎಂದು ಹೆಸರಿಟ್ಟಿದ್ದರು. ಅತ್ತೆಗೆ ಮಾತ್ರ ನನ್ನ ಗಂಟಲೇ ಇಷ್ಟ. "ನೀನು ಬಂದ್ಮೇಲೆ ನಂಗೆ ಮನೇಲಿ ಜನ ಇದಾರೆ ಅಂತ ಗೊತ್ತಾಗಿದ್ದು ಮಾರಾಯ್ತಿ," ಎನ್ನುತ್ತಿದ್ದರು.

ವಾರ ಕಳೆಯುವುದರೊಳಗೆ ಮನೆ ಒಂದು ಆಶ್ರಮವಾಯಿತು. ತಿಗಣೆ ಮಂಚವನ್ನು ಬಿಸಿಲಿಗೆ ಹಾಕಬಾರದು, ತಿಗಣೆಗೆ ಸುಡುತ್ತದೆ. ಇಲಿ ಅಕ್ಕಿ ತಿಂದರೆ ತಿನ್ನಲಿ. ನಾನೂ ಅತ್ತೆಯೂ ರೇಷ್ಮೆ ಸೀರೆ ಉಡಬಾರದು, ಅದರಲ್ಲಿ ಎಷ್ಟೋ ಹುಳು ಬೆಂದಿರುತ್ತವೆ.

"ಅಂಗಡೀಲಿ ರೇಷ್ಮೆ ಮಾರ್ತೀವಲ್ಲ ಮಾವ?" ಎಂದು ಕೇಳಿದೆ.

"ಮಾರೋದು ಕಾಯಕ. ಉಡೋದು ಹಿಂಸೆ," ಎಂದು ಪಿಸುಗುಟ್ಟಿದರು.

ಮಾತಿನಲ್ಲಿ ಏಕವಚನವೂ ಹಿಂಸೆಯಾಯಿತು. ಪಾತ್ರೆ ತೊಳೆಯಲು ಬರುವ ದ್ಯಾಮಮ್ಮ ಒಂದು ದಿನ ಹಿತ್ತಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು: "ಮೊದ್ಲು 'ಏ ದ್ಯಾಮೀ, ಪಾತ್ರೆ ಬೆಳಗೇ' ಅಂತಿದ್ರು. ಈಗ 'ದ್ಯಾಮಮ್ಮನವರೇ, ತಾವು ಪಾತ್ರೆ ಬೆಳಗಬೇಕು' ಅಂತಾರೆ. ಪಾತ್ರೆ ಅಷ್ಟೇ ಇದಾವೆ ಅಮ್ಮಾರೆ, ಒಂದೂ ಕಡಿಮೆ ಆಗಿಲ್ಲ."

ಎಲ್ಲಕ್ಕಿಂತ ದೊಡ್ಡ ಕಲಿಕೆ ಇನ್ನೊಂದಿತ್ತು. ಯಾತ್ರೆಯಲ್ಲಿ ಅವರಿಗೊಂದು ನಿಯಮ ಕಲಿಸಿದ್ದರು. ಕಾಲು ಯಾರಿಗಾದರೂ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗೆಯೇ ನಮ್ಮಿಂದ ನೋವಾದ ಯಾವ ಜೀವವನ್ನೇ ಆಗಲಿ ಮುಟ್ಟಿ, ಬಾಯಿಬಿಟ್ಟು "ತಪ್ಪಾಯ್ತು" ಅನ್ನಬೇಕು. ಮಾವನವರು ಇದನ್ನು ಚಾಚೂ ತಪ್ಪದೆ ನಡೆಸಿದರು. ಬಚ್ಚಲಿಗೆ ಹೋಗುವಾಗ ಇರುವೆಗೆ ತಪ್ಪಾಯ್ತು. ಬಾಲ ತುಳಿಸಿಕೊಂಡ ಬೆಕ್ಕಿಗೆ ತಪ್ಪಾಯ್ತು. ಸೊಪ್ಪು ಕೊಯ್ದಾಗ ನುಗ್ಗೆಮರವನ್ನು ತಬ್ಬಿ ತಪ್ಪಾಯ್ತು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಮಾತು ಕೇಳಿಸದಿದ್ದರೂ ಆ ಒಂದು ಮಾತಿಗೆ ತುಟಿ ಹೇಗೆ ಆಡುತ್ತದೆ ಎನ್ನುವುದು ಅವರಿಗೆ ತಿಳಿದುಹೋಗಿತ್ತು.

ಯಾಕೆ ಅಷ್ಟು ಗಮನವಿಟ್ಟು ನೋಡುತ್ತಾರೆ ಎನ್ನುವುದು ನನಗೆ ಯುಗಾದಿಯ ದಿನ ಗೊತ್ತಾಯಿತು. ಎಣ್ಣೆ ನೀರಿಗೆ ಕೂರಿಸಿ ಅತ್ತೆಯ ತಲೆಗೆ ಎಣ್ಣೆ ಒತ್ತುತ್ತಿದ್ದೆ. ಕಿವಿಗೆ ಎರಡು ತೊಟ್ಟು ಬಿಡಲು ಹೋದೆ.

"ಆ ಕಿವಿಗೆ ಬೇಡ ಕಣೇ ಉಮಾ. ಸತ್ತ ಕಿವಿಗೆ ಎಣ್ಣೆ ಯಾಕೆ ದಂಡ?"

"ಬಚ್ಚಲಲ್ಲಿ ಜಾರಿ ಬಿದ್ದಿರಂತಲ್ಲ ಅತ್ತೇ? ಇವರು ಹೇಳಿದ್ರು."

ಅತ್ತೆ ನಕ್ಕರು. "ಬಚ್ಚಲು ಪಾಪ, ಅದೇನು ಮಾಡೀತು?"

ನಾನು ಎಣ್ಣೆ ಬಟ್ಟಲು ಕೆಳಗಿಟ್ಟೆ.

"ನಿನ್ನ ಗಂಡ ಮುರುಗೇಶ ಮಿಡ್ಲ್ ಸ್ಕೂಲಿಗೆ ಹೋಗ್ತಿದ್ದ ಆಗ. ಮಠದಿಂದ ಅಯ್ಯನವರು ಊಟಕ್ಕೆ ಬಂದಿದ್ರು. ತುಪ್ಪ ಇಷ್ಟೇ ಇಷ್ಟು ತರಿಸಿದ್ರು ನಿಮ್ಮಾವ. ಅಯ್ಯನವರು ಎರಡನೇ ಸಲ ಕೈ ಒಡ್ಡಿದ್ರು. 'ತುಪ್ಪ ತೀರ್ತು ಅಯ್ಯನವರೇ' ಅಂದೆ. ಇನ್ನೇನು ಹೇಳ್ಲಿ, ತೀರಿತ್ತು. ಅವರನ್ನ ಕಳಿಸಿ ನಿಮ್ಮಾವ ಅಡಿಗೆಮನೆಗೆ ಬಂದ್ರು. ಮಠದವರ ಮುಂದೆ ಮಾನ ಕಳೆದೆ ಅಂದ್ರು. ಒಂದೇ ಏಟು. ಆಮೇಲೆ ಏನೇನಂದ್ರೋ ನಂಗೆ ಗೊತ್ತಿಲ್ಲ. ಬರೀ ಗುಂಯ್ ಅಂತಿತ್ತು."

"ಡಾಕ್ಟ್ರ ಹತ್ರ ಹೋಗ್ಲಿಲ್ವಾ?"

"ಹೋದ್ವಿ. ಬಚ್ಚಲಲ್ಲಿ ಜಾರಿದಳು ಅಂತ ಅವರೇ ಹೇಳಿದ್ರು. ನಾನು ಹೂಂ ಅಂದೆ."

ನನಗೆ ಮೈಯೆಲ್ಲ ಉರಿಯಿತು. ನುಗ್ಗೆಮರವನ್ನು ತಬ್ಬಿಕೊಳ್ಳುವ ಮುದುಕನನ್ನು ಅಲ್ಲಿಯೇ ನುಗ್ಗೆಮರಕ್ಕೆ ಕಟ್ಟಿ ಹಾಕಬೇಕೆನಿಸಿತು.

"ಸಿಟ್ಟು ಮಾಡ್ಕೋಬೇಡ," ಎಂದರು ಅತ್ತೆ. "ನಂಗೆ ಇನ್ನೇನೂ ಬೇಡ. ಈಗ ಕಲಿತು ಬಂದಿದಾರಲ್ಲ, ಆ ಮಾತನ್ನ ನಂಗೂ ಒಂದ್ಸಲ ಹೇಳ್ಲಿ. ಈ ಬಲಗಿವೀನೂ ಮುಚ್ಚಿಕೊಂಡು ಬರ್ತಾ ಇದೆ. ಅದು ಪೂರ್ತಿ ಹೋಗೋದ್ರೊಳಗೆ ಅವರ ಬಾಯಲ್ಲಿ ಕೇಳ್ಬೇಕು."

ಯುಗಾದಿ ಕಳೆದ ವಾರ ಹೊನ್ನಯ್ಯನವರು ಮನೆಗೆ ಬಂದರು. ಅವರು ರಿಟೈರಾದ ಮೇಷ್ಟ್ರು, ಮಂಡಳಿಯ ಹಿರಿಯರು. ಯಾತ್ರೆಯನ್ನು ಬರಿಗಾಲಲ್ಲಿ ನಡೆದು ಮುಗಿಸಿ, ಹಾರ ಬೇಡವೆಂದು ಹಿಂದಿನ ಸ್ಟೇಷನ್ನಿನಲ್ಲೇ ಇಳಿದು ಮನೆಗೆ ಹೋದವರು. ನಾನು ಆ ಮಂಡಳಿಯಲ್ಲಿ ಯಾರಿಗಾದರೂ ಕೈ ಮುಗಿದಿದ್ದರೆ ಅವರಿಗೊಬ್ಬರಿಗೆ. ಬಸವ ಜಯಂತಿಗೆ ಎರಡನೆಯ ಯಾತ್ರೆ ಹೊರಡುತ್ತದೆ, ಗಂಗಾಧರಪ್ಪನವರು ಮುಂದಾಳಾಗಬೇಕೆಂದು ಜನ ಕೇಳುತ್ತಿದ್ದಾರೆ ಎಂದರು. ಮಾವನವರು ಬೇಡ ಬೇಡವೆಂದು ಕೈಯಾಡಿಸಿದರು. ಮುಖ ಮಾತ್ರ ಅರಳಿತ್ತು.

"ಆದರೆ ಒಂದು ಕಟ್ಟಳೆ ಇದೆ," ಎಂದರು ಹೊನ್ನಯ್ಯ. "ಮುಂದಾಳು ಮನೆಯವರ ಕ್ಷಮೆ ಕೇಳಿ ಹೊರಡಬೇಕು. ಭದ್ರಾವತಿಯಲ್ಲಿ ಸಭೆ ಇಟ್ಟಿದ್ದೇವೆ. ಅಲ್ಲಿ ಮನೆಯ ಹಿರಿಯರು ವೇದಿಕೆಗೆ ಬಂದು, ಇವರು ಕೇಳಿದರು, ನಾವು ಮನ್ನಿಸಿದೆವು ಅಂತ ಹೇಳಬೇಕು."

"ಅದಕ್ಕೇನು, ನಮ್ಮವಳು ಹೇಳ್ತಾಳೆ," ಎಂದು ಪಿಸುಗುಟ್ಟಿದರು ಮಾವ.

ನಾನು ಅತ್ತೆಯ ಬಲಗಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಅತ್ತೆ ಸೆರಗು ಸರಿ ಮಾಡಿಕೊಂಡು ಹೇಳಿದರು: "ಕೇಳ್ಲಿ. ಕೇಳಿದ್ರೆ ಮನ್ನಿಸ್ತೀನಿ. ಏನು ಕೇಳ್ಬೇಕು ಅಂತ ಅವರಿಗೇ ಗೊತ್ತು."

ಹೊನ್ನಯ್ಯ ಮಾವನವರ ಮುಖ ನೋಡಿದರು. ಮಾವನವರು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದರು.

ಹೊನ್ನಯ್ಯನವರು ಹೋದ ಮೇಲೆ ಶುರುವಾಯಿತು. ನಮ್ಮವರ ಹೆಸರು ಮುರುಗೇಶಪ್ಪ. ಆ ಕಾಲದಲ್ಲಿ ನಾವು ಗಂಡನ ಹೆಸರು ಹೇಳುತ್ತಿರಲಿಲ್ಲ. ಆದರೆ ಅವರು ಅವತ್ತು ಮಾಡಿದ ಘನಕಾರ್ಯಕ್ಕೆ ಹೆಸರು ಹೇಳಿದರೂ ದೋಷವಿಲ್ಲ.

"ಅವ್ವಾ, ಸುಮ್ನೆ ಹೂಂ ಅಂದ್ಬಿಡು. ನಾಲ್ಕು ಜನರೆದುರು ಅಪ್ಪಾಜಿ ಮರ್ಯಾದೆ."

"ಹೂಂ ಅಂದೂ ಅಂದೂ ಸಾಕಾಗಿದೆ ಮುರುಗೇಶಾ."

"ಹಳೇದೆಲ್ಲ ಈಗ ಯಾಕೆ ಕೆದಕ್ತೀಯ?"

"ಹಳೇದು ಅಂತ ನೀನು ಹೇಳ್ತೀಯ. ನಂಗೆ ದಿನಾ ಹೊಸದು. ಬೆಳಿಗ್ಗೆ ಎದ್ದ ಕೂಡ್ಲೇ ಒಂದು ಕಡೆ ಕೇಳಿಸಲ್ಲ."

"ಬಿದ್ದು ಹೋದ ಕಿವಿಗೆ ಅಪ್ಪಾಜಿ ಏನು ಮಾಡ್ತಾರೆ?"

"ಬಿದ್ದು ಹೋಯ್ತಾ?" ಎಂದು ನಾನು ಬಾಯಿ ಹಾಕಿದೆ. "ಯಾರು ಬೀಳಿಸಿದ್ದು ಅಂತ ಕೇಳಿ ನಿಮ್ಮ ಅಪ್ಪಾಜೀನ."

"ನೀನು ಸುಮ್ನಿರೇ! ಬೀದಿಗೆಲ್ಲ ಕೇಳುತ್ತೆ."

"ಕೇಳ್ಲಿ! ಈ ಮನೇಲಿ ಕೇಳಿಸೋ ಹಾಗೆ ಮಾತಾಡೋಳು ನಾನೊಬ್ಳೇ."

ಮಾವನವರು ಎದ್ದು ಬಂದರು. ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ, ಅಷ್ಟೇ ಮೃದುವಾಗಿ ಹೇಳಿದರು: "ಇವರ ಮನಸ್ಸು ಕರಗುವವರೆಗೆ ನಾನು ಈ ಮನೆಯಲ್ಲಿ ಅನ್ನ ಮುಟ್ಟೋದಿಲ್ಲ. ಯಾರ ಮೇಲೂ ನನಗೆ ಕೋಪ ಇಲ್ಲ."

"ಏನಂತೆ?" ಎಂದರು ಅತ್ತೆ.

"ನೀವು ಮನ್ನಿಸೋವರೆಗೂ ಅನ್ನ ಮುಟ್ಟಲ್ವಂತೆ ಅತ್ತೇ!"

"ಹಂಗಾದ್ರೆ ನಾಳೆ ಅಕ್ಕಿ ಒಂದು ಪಾವು ಕಡಿಮೆ ಹಾಕು."

ಉಪವಾಸ ಶುರುವಾಯಿತು. ಮಾವನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದು, ಬಳಲಿದವರ ಹಾಗೆ ಆವುಗೆ ಎಳೆಯುತ್ತಾ ಅಂಗಡಿಗೆ ಹೋಗುವುದು. ಸಂಜೆ ಬಂದು ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂರುವುದು. ನಮ್ಮವರು ತಾಯಿಯ ಮುಖ ನೋಡಿ ನಿಟ್ಟುಸಿರು ಬಿಡುವುದು. ಹೊತ್ತು ಹೊತ್ತಿಗೆ ಹೊಟ್ಟೆತುಂಬ ಉಂಡವರು ಅತ್ತೆ. ನಾನೂ ಅವರ ಜೊತೆಗೆ ಕೂತು ಉಂಡೆ.

ಆ ನಡುವೆ ಒಂದು ಮಧ್ಯಾಹ್ನ ಟೈಲರ್ ಅಬ್ದುಲ್ ವಹಾಬ್ ಅತ್ತೆಯ ರವಿಕೆ ಕೊಡಲು ಮನೆಗೆ ಬಂದರು. ನಮ್ಮ ಅಂಗಡಿಯ ಜಗಲಿಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡವರು.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಅಮ್ಮಾ?" ಎಂದು ಕೇಳಿದರು. "ಸಾವ್ಕಾರ್ರು ದಿನಾ ಹೋಟ್ಲಿಂದ ದೋಸೆ ತರಿಸ್ತಾವ್ರೆ. ಆಲೂಗಡ್ಡೆ ಪಲ್ಯ ಜಾಸ್ತಿ ಹಾಕ್ಸು ಅಂತಾರೆ. ಮನೇಲಿ ಒಲೆ ಹಚ್ಚಿಲ್ವೇನೋ, ಎಲ್ಲಾ ಅಲ್ಲಾನ ಮರ್ಜಿ ಅನ್ಕೊಂಡೆ."

ನಾನು ಇದನ್ನು ಕೂಗಿ ಹೇಳಿದಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲಾಡಿ ಅಲ್ಲಾಡಿ ನಕ್ಕರು. ಸಂಜೆ ಮಾವನವರು ಬಂದಾಗ ನಮ್ಮವರೇ ತಲೆ ತಗ್ಗಿಸಿ ಕೇಳಿದರು: "ಅಪ್ಪಾಜಿ, ದೋಸೆ ತಿಂದ್ರಂತೆ?"

"ಅನ್ನ ಮುಟ್ಟೋದಿಲ್ಲ ಅಂದಿದ್ದೆ. ದೋಸೆ ಅನ್ನವೇನಯ್ಯಾ?" ಎಂದು ಪಿಸುಗುಟ್ಟಿದರು ಮಹಾನುಭಾವರು. ಇಂಥ ಮನುಷ್ಯನಿಗೆ ಉಗಿದರೆ ಎಂಜಲು ದಂಡ.

ಸಭೆ ಹತ್ತಿರ ಬಂತು. ಹೊನ್ನಯ್ಯನವರು ಮತ್ತೆ ಹೇಳಿಕಳಿಸಿದಾಗ, ಹೆಂಡತಿಯ ಕ್ಷಮೆ ಕೇಳಿಯೇ ವೇದಿಕೆ ಹತ್ತುತ್ತೇನೆ ಎಂದು ಮಾವನವರು ಮಾತು ಕೊಟ್ಟರು. ಅತ್ತೆ ನಂಬಿದರು. "ಹೋಗಣ ಉಮಾ. ಹೇಳ್ತಾರೆ ಅನ್ಸುತ್ತೆ," ಎಂದು ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಉಟ್ಟುಕೊಂಡರು.

ಬಸ್ಸಿನಲ್ಲಿ ಹೊರಟೆವು. ಮಲವಗೊಪ್ಪದ ಹತ್ತಿರ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ರಸ್ತೆ ತುಂಬಿಕೊಂಡಿದ್ದವು. ಒಬ್ಬ ಮುದುಕ ಏರು ಹತ್ತದ ಎತ್ತಿಗೆ ಬಾರುಕೋಲಿನಿಂದ ಒಂದು ಬಿಟ್ಟ. ಅಷ್ಟೇ ಸಾಕಾಯಿತು. ಮಾವನವರು ಬಸ್ಸು ನಿಲ್ಲಿಸಿ ಇಳಿದುಬಿಟ್ಟರು! ಮಂಡಳಿಯ ನಾಲ್ಕು ಜನ ಬೇರೆ ಅದೇ ಬಸ್ಸಿನಲ್ಲಿದ್ದರಲ್ಲ, ಇಳಿಯದೆ ಇರುತ್ತಾರೆಯೇ? ಎತ್ತಿನ ಕೊರಳು ತಬ್ಬಿ, ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ಮನುಷ್ಯಕುಲದ ಪರವಾಗಿ ತಪ್ಪಾಯ್ತು," ಎಂದರು. ಬಸ್ಸಿನೊಳಗೆ ನಾವು ಬಿಸಿಲಿಗೆ ಬೇಯುತ್ತಿದ್ದೆವು.

"ಸ್ವಾಮೀ," ಎಂದ ಗಾಡಿಯ ಮುದುಕ. "ಎತ್ತಿಗೆ ಆಮೇಲೆ ಕೈ ಮುಗೀರಿ. ಮೊದ್ಲು ನನ್ನ ಕಾಲ್ ಮೇಲಿಂದ ಇಳೀರಿ."

ಮಾವನವರ ಮರದ ಆವುಗೆ ಅವನ ಬರಿಗಾಲಿನ ಬೆರಳುಗಳ ಮೇಲಿತ್ತು. ತಟ್ಟನೆ ಕಾಲು ತೆಗೆದರು. ಅವನನ್ನು ಮುಟ್ಟಲಿಲ್ಲ, ಏನೂ ಅನ್ನಲಿಲ್ಲ. ಬಂದು ಬಸ್ಸು ಹತ್ತಿದರು. ಮಂಡಳಿಯವರು ಕೈ ಮುಗಿದರು.

"ನೋಡಿದ್ಯಾ?" ಎಂದರು ಅತ್ತೆ ನನ್ನ ಕಡೆ ವಾಲಿ. "ಎತ್ತಿಗೂ ಹೇಳಿದ್ರು."

ನ್ಯೂಟೌನಿನ ನಮ್ಮ ತವರುಮನೆಯಲ್ಲಿ ಊಟ. ಅಪ್ಪ ಪರಮೇಶ್ವರಪ್ಪ ಬೆಳಗಿನ ಶಿಫ್ಟ್ ಮುಗಿಸಿ ಬಂದವರು, ಯಾರೂ ಹೇಳದೆ ಅತ್ತೆಯ ಬಲಗಡೆಗೆ ಮಣೆ ಎಳೆದುಕೊಂಡು ಕೂತು ಗಟ್ಟಿಯಾಗಿ ಮಾತಿಗೆ ತೊಡಗಿದರು.

"ನನ್ನ ಕಿವಿ ಫರ್ನೇಸಿಗೆ ಕೊಟ್ಟೆ! ನಿಮ್ಮದು ಯಾವ ಕಾರ್ಖಾನೇಲಿ ಹೋಯ್ತು ಬೀಗಿತ್ತಿಯವರೇ?"

"ನಮ್ಮ ಮನೇಲೇ ಇದೆಯಲ್ಲ ಕಾರ್ಖಾನೆ!" ಎಂದರು ಅತ್ತೆ.

ಅಪ್ಪ ತಮಾಷೆ ಎಂದುಕೊಂಡು ತೊಡೆ ತಟ್ಟಿ ನಕ್ಕರು. ಮಾವನವರು ತುತ್ತು ಹಿಡಿದ ಕೈ ನಿಲ್ಲಿಸಿದರು. ಉಪವಾಸವೇನಾಯಿತು ಎಂದು ಕೇಳಬೇಡಿ. ಈ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ ಎಂದಿದ್ದರು, ಇದು ಬೀಗರ ಮನೆ.

ಊಟವಾದ ಮೇಲೆ ಅತ್ತೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಅಡಿಗೆಮನೆಯ ಕಿಟಕಿಯಲ್ಲಿದ್ದೆ. ಮಾವನವರು ಹಿತ್ತಲಿಗೆ ಬಂದರು. ಯಾರೂ ಇಲ್ಲವೆಂದು ಅತ್ತ ಇತ್ತ ನೋಡಿದರು. ಹಿಂದಿನಿಂದ ಹೋಗಿ ಬಗ್ಗಿ, ಅತ್ತೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

ಎಡಗಿವಿಯಲ್ಲಿ!

ಅತ್ತೆ ಮೈಮೇಲೆ ನೆರಳು ಬಿದ್ದದ್ದಕ್ಕೆ ಬೆಚ್ಚಿ ತಿರುಗಿ "ಆಂ?" ಎಂದರು. ಅಷ್ಟರಲ್ಲಿ ಮಾವನವರು ಭುಜದ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟೇಹೋಗಿದ್ದರು. ಬೀದಿಯ ಬಾಗಿಲಲ್ಲಿ ಹೊನ್ನಯ್ಯನವರಿಗೆ ಹೇಳಿದ್ದು ನನಗೆ ಕೇಳಿಸಿತು: "ಕೇಳಿದ್ದಾಯ್ತು. ಮನಸ್ಸು ಹಗುರಾಯ್ತು." ಏನು ಹೇ‍ಳಿದರೋ, ಹೇಳಿದರೋ ಇಲ್ಲವೋ, ಆ ಸತ್ತ ಕಿವಿಗೇ ಗೊತ್ತು.

ಹಳೇ ಊರಿನ ಛತ್ರದಲ್ಲಿ ಸಭೆ. ಶಿಫ್ಟ್ ಮುಗಿಸಿದ ಕಾರ್ಖಾನೆಯವರು ಹಿಂದುಗಡೆ ಕಿಕ್ಕಿರಿದು ನಿಂತಿದ್ದರು. ಮೈಕು ಇರಲಿಲ್ಲ, ಅದು ಕಿವಿಗೆ ಹಿಂಸೆಯೆಂದು ಮಾವನವರೇ ಬೇಡವೆಂದಿದ್ದರಂತೆ. ಹಾರ ಹಾಕಿದ್ದಾಯಿತು, ಹೊಗಳಿದ್ದಾಯಿತು. ಕೊನೆಗೆ ಹೊನ್ನಯ್ಯನವರು ಅತ್ತೆಯನ್ನು ಮೇಲಕ್ಕೆ ಕರೆದು, ಗಟ್ಟಿಯಾಗಿ ಕೇಳಿದರು: "ತಾಯೀ, ಯಜಮಾನರು ನಿಮ್ಮನ್ನು ಕೇಳಿದರೇ? ನೀವು ಮನ್ನಿಸಿದಿರೇ?"

ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ಜೋರು ಎನ್ನುವುದು ತಿಳಿಯದು. ಅತ್ತೆಯ ಮಾತು ಹಿಂದಿನ ಗೋಡೆಗೆ ಹೋಗಿ ತಾಗಿತು.

"ಏನೋ ಅಂದ್ರು ಮೇಷ್ಟ್ರೇ. ಕೇಳಿಸ್ಲಿಲ್ಲ."

"ಯಾಕೆ ತಾಯಿ?"

"ಎಡಗಿವೀಲಿ ಹೇಳಿದ್ರು. ಆ ಕಿವಿ ಇವರೇ ಹೊಡೆದು ಕಳೆದಿದ್ದು. ಯಾವ ಕಿವಿಗೆ ಹೊಡೆದೆ ಅನ್ನೋದೇ ಮರ್ತುಹೋಗಿದೆ ಇವರಿಗೆ."

ಮಾವನವರು ಎದ್ದು ನಿಂತು ತುಟಿ ಅಲ್ಲಾಡಿಸಿದರು. ಬಚ್ಚಲು, ಜಾರಿ, ಪಾಪ, ಎಂದು ಮುಂದಿನ ಸಾಲಿನವರಿಗೆ ಮಾತ್ರ ಅಷ್ಟಿಷ್ಟು ಕೇಳಿಸಿತು.

"ಜೋರಾಗಿ ಹೇಳಿ ಸ್ವಾಮೀ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಇಲ್ಲಿಗೆ ಕೇಳಲ್ಲ!"

"ಸತ್ತಮಾ ಪೇಸುಂಗ ಸಾಮೀ!" ಎಂದು ಇನ್ನೊಬ್ಬ ತಮಿಳಿನಲ್ಲಿ ಅದನ್ನೇ ಕೂಗಿದ.

ಅವರೇನೂ ಗೇಲಿ ಮಾಡಿದ್ದಲ್ಲ. ನಮ್ಮೂರಿನ ಗಂಡಸರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ.

"ಗಂಗಾಧರಪ್ಪನವರೇ," ಎಂದರು ಹೊನ್ನಯ್ಯ, "ಬಲಗಡೆಗೆ ಬನ್ನಿ. ತಾಯಿಗೆ ಕೇಳಿಸುವ ಹಾಗೆ ಹೇಳಿ. ವ್ರತ ಆಮೇಲೆ ನೋಡೋಣ."

ಮಾವನವರು ಬಲಗಡೆಗೆ ಬಂದರು. ಅತ್ತೆ ಕತ್ತು ಓರೆ ಮಾಡಿ, ಬಲಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ತಂದು, ಮನೆಯಲ್ಲಿ ಬಡಿಸುವಾಗ ನಿಲ್ಲುವ ಹಾಗೆಯೇ ನಿಂತರು. ಕಣ್ಣು ಮುಚ್ಚಿಕೊಂಡಿದ್ದರು. ಹೇಳಲಿ ಶಿವನೇ, ಹಾಳಾಗಿ ಹೋಗಲಿ, ಒಂದು ಸಲ ಹೇಳಿಬಿಡಲಿ ಎಂದುಕೊಂಡೆ. ಇರುವೆಗೆ ಹೇಳಿದ್ದಾರೆ, ಬೆಕ್ಕಿಗೆ ಹೇಳಿದ್ದಾರೆ.

ತುಟಿ ಅಲ್ಲಾಡಿತು. ದನಿ ಬರಲಿಲ್ಲ.

"ಇನ್ನೂ ಕೇಳ್ಲಿಲ್ಲ!" ಎಂದರು ಹಿಂದಿನಿಂದ. ಕೂಗಿದ್ದು ನಮ್ಮಪ್ಪ.

ಮಾವನವರ ಮುಖ ಕೆಂಪಾಯಿತು, ಕೊರಳಿನ ನರ ಉಬ್ಬಿತು, ಬೆಟ್ಟ ಹತ್ತಿ ಹೊಳೆ ದಾಟಿ ಕಲಿತು ಬಂದದ್ದೆಲ್ಲ ಒಂದೇ ಉಸಿರಿಗೆ ಆಚೆ ಬಂತು.

"ಮುಚ್ಚೇ ಬಾಯಿ, ದರಿದ್ರದವಳೇ! ಮಾನ ಕಳೀತೀಯಾ? ಮನೆಗೆ ನಡಿ, ಇನ್ನೊಂದು ಕಿವೀನೂ ತೆಗೀತೀನಿ!"

ಅದು ಛತ್ರಕ್ಕೆಲ್ಲ ಕೇಳಿಸಿತು. ಬೀದಿಗೂ ಕೇಳಿಸಿತು. ಬಚ್ಚಲಲ್ಲಿ ಜಾರಿ ಬಿದ್ದ ಕಥೆ ಅಲ್ಲಿಗೆ ಮುಗಿಯಿತು. ನಮ್ಮವರು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅತ್ತೆ ಕಣ್ಣು ತೆರೆದು, ಕತ್ತು ನೆಟ್ಟಗೆ ಮಾಡಿಕೊಂಡರು.

"ಇದು ಕೇಳಿಸ್ತು ಮೇಷ್ಟ್ರೇ," ಎಂದು ಹೊನ್ನಯ್ಯನವರಿಗೆ ಹೇಳಿ ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲಿ ಕೂತರು.

ಎರಡನೆಯ ಯಾತ್ರೆ ಬೇರೆ ಯಾರದೋ ಮುಂದಾಳ್ತನದಲ್ಲಿ ಹೊರಟಿತು. ಮಾವನವರು ಒಂದು ದಿನ ನೀರು ಕುಡಿಯದೆ ಪ್ರಾಯಶ್ಚಿತ್ತ ಮಾಡಿಕೊಂಡು, ಮೆಲುದನಿಯ ವ್ರತವನ್ನು ಹೊಸದಾಗಿ ಹಿಡಿದರು. ಅಂಗಡಿಯಲ್ಲಿ ರೇಷ್ಮೆ ಮಾರಿದರು. ಮನೆಗೆ ಬಂದು ಇರುವೆಗಳ ಹತ್ತಿರ ತಪ್ಪಾಯ್ತು ಎಂದರು.

ಬದಲಾದದ್ದು ಒಂದೇ. ಅತ್ತೆ ಬಡಿಸುವಾಗ ಕತ್ತು ಬಾಗಿಸುವುದನ್ನು ಬಿಟ್ಟರು. ಎಡಗಡೆಯನ್ನು ಮಾವನವರ ಕಡೆಗೆ ಮಾಡಿ ನೆಟ್ಟಗೆ ನಿಂತು, ನನ್ನ ಜೊತೆ ಗಟ್ಟಿಯಾಗಿ ಊರ ಸುದ್ದಿ ಮಾತಾಡುತ್ತಾ ಬಡಿಸಿದರು. ಮೊದಲ ದಿನ ಊಟದ ಕೊನೆಗೆ ಮಾವನವರು "ಮಜ್ಜಿಗೆ" ಎಂದು ಪಿಸುಗುಟ್ಟಿದರು. ಇನ್ನೊಂದು ಸಲ ಪಿಸುಗುಟ್ಟಿದರು. ಅತ್ತೆ ಮಾತು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಎಲೆಯ ಮೇಲಿನ ಅನ್ನ ಒಣಗುತ್ತಾ ಬಂತು. ಆಮೇಲೆ ಅವರು ಎಡಗೈ ಊರಿ ಎದ್ದು, ಅಡಿಗೆಮನೆಗೆ ಹೋಗಿ, ತಾವೇ ಮಜ್ಜಿಗೆ ಬಗ್ಗಿಸಿಕೊಂಡು ಬಂದರು.